ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದಿದೆಯಾ? ಅಂಗಡಿಗೆ ಓಡುವ ಮುಂಚೆ ಇಷ್ಟು ಮಾಡಿ

"ಲ್ಯಾಪ್‌ಟಾಪ್ ಕೈಜಾರಿ ಬಿತ್ತು, ಸ್ಕ್ರೀನ್ ಹೋಯ್ತು, ಒಳಗಿರೋ ಫೈಲ್‌ಗಳ ಕಥೆ ಏನು?" ಈ ಪ್ರಶ್ನೆ ಪದೇ ಪದೇ ಬರುತ್ತಲೇ ಇದೆ. ಕೇಳುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಅದೂ ಪ್ರಾಜೆಕ್ಟ್ ರಿಪೋರ್ಟ್ ಕೊಡಬೇಕಾದ ವಾರದಲ್ಲಿ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೀನ್ ಒಡೆದರೆ ಲ್ಯಾಪ್‌ಟಾಪ್ ಕೆಟ್ಟಿತು ಅಂತ ಅಲ್ಲ. ಫೈಲ್ ಇರುವುದು ಕೀಬೋರ್ಡಿನ ಕೆಳಗಿರುವ ಎಸ್ಎಸ್‌ಡಿ ಅಥವಾ ಹಾರ್ಡ್ ಡಿಸ್ಕಿನಲ್ಲಿ. ಮೇಲಿನ ಮುಚ್ಚಳದಲ್ಲಿ ಇರುವುದು ಸ್ಕ್ರೀನ್, ಕ್ಯಾಮೆರಾ, ಒಂದಿಷ್ಟು ವೈರು, ಅಷ್ಟೇ.

ನನ್ನ ಮಾತು ಇಷ್ಟು: ಮೊದಲು ಫೈಲ್ ಹೊರಗೆ ತೆಗೆಯಿರಿ, ಆಮೇಲೆ ಏನು ಹಾಳಾಗಿದೆ ಅಂತ ಪತ್ತೆ ಮಾಡಿ, ಕೊನೆಗೆ ದುಡ್ಡು ಬಿಚ್ಚಿ. ತುಂಬಾ ಜನ ಇದನ್ನು ಉಲ್ಟಾ ಮಾಡುತ್ತಾರೆ. ನೇರ ಅಂಗಡಿಗೆ ಹೋಗಿ "ಸ್ಕ್ರೀನ್ ಹಾಕಿಕೊಡಿ" ಅನ್ನುತ್ತಾರೆ, ಹೊಸ ಸ್ಕ್ರೀನ್ ಹಾಕಿದ ಮೇಲೆ ತೊಂದರೆ ಇದ್ದದ್ದು ಸ್ಕ್ರೀನಿಗೆ ಚಿತ್ರ ಒಯ್ಯುವ ಒಳಗಿನ ಕೇಬಲ್‌ನಲ್ಲಿ ಅಂತ ಗೊತ್ತಾಗುತ್ತದೆ.

ಇಲ್ಲಿ ಹೇಳಿರುವ ಕೀಲಿಗಳು ವಿಂಡೋಸ್ 10 ಮತ್ತು 11ಕ್ಕೆ. ಮ್ಯಾಕ್‌ಬುಕ್ ಬಗ್ಗೆ ನಡುವೆ ಹೇಳಿದ್ದೇನೆ.

ಏನೇನು ಬೇಕು

ಮನೆಯ ಟಿವಿ ಅಥವಾ ಯಾರದಾದರೂ ಮಾನಿಟರ್, ಒಂದು ಎಚ್‌ಡಿಎಂಐ ಕೇಬಲ್, ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಡಿಸ್ಕ್, ಒಂದು ಟಾರ್ಚ್. ಮೊಬೈಲ್ ಟಾರ್ಚ್ ಸಾಕು. ಸ್ಕ್ರೀನ್ ನೀವೇ ಬದಲಾಯಿಸುವುದಾದರೆ ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಮತ್ತು ಒಂದು ಹಳೆಯ ಎಟಿಎಂ ಕಾರ್ಡ್ ಕೂಡ ಬೇಕು.

ಹಂತ 1: ಗಾಜು ಮತ್ತು ಬ್ಯಾಟರಿ ನೋಡಿ

ಚಾರ್ಜರ್ ತೆಗೆಯಿರಿ. ಗಾಜು ಚೂರಾಗಿದ್ದರೆ ಕೈಯಿಂದ ಒರೆಸಬೇಡಿ, ಅಗಲವಾದ ಪಾರದರ್ಶಕ ಗಮ್ ಟೇಪನ್ನು ಮೇಲೆ ಅಂಟಿಸಿಬಿಡಿ. ಚೂರು ಉದುರುವುದೂ ನಿಲ್ಲುತ್ತದೆ, ಕೀಬೋರ್ಡ್ ಸಂದಿಗೆ ಹೋಗುವುದೂ ತಪ್ಪುತ್ತದೆ. ಒಡೆದ ಜಾಗದಿಂದ ಅಂಟಂಟು ದ್ರವ ಬಂದಿದ್ದರೆ ಮುಟ್ಟಬೇಡಿ, ಮುಟ್ಟಿದ್ದರೆ ಸೋಪು ಹಾಕಿ ಕೈ ತೊಳೆಯಿರಿ.

ಆಮೇಲೆ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಟಚ್‌ಪ್ಯಾಡ್ ಮೇಲೆದ್ದಿದೆಯಾ? ತಳ ಉಬ್ಬಿ, ಇಟ್ಟಾಗ ಆ ಕಡೆ ಈ ಕಡೆ ಆಡುತ್ತದೆಯಾ? ಹಾಗಿದ್ದರೆ ಬ್ಯಾಟರಿ ಊದಿಕೊಂಡಿದೆ. ಇಲ್ಲಿಗೇ ನಿಲ್ಲಿಸಿ. ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ, ಬಿಚ್ಚಲೂ ಹೋಗಬೇಡಿ. ಊದಿದ ಲಿಥಿಯಂ ಬ್ಯಾಟರಿಗೆ ಏನಾದರೂ ಚುಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಅದನ್ನು ಸರ್ವಿಸ್‌ನವರ ಕೈಗೇ ಕೊಡಿ.

ಹಂತ 2: ಟಿವಿಗೆ ಜೋಡಿಸಿ

ಜನ ಹೆಚ್ಚು ಒದ್ದಾಡುವುದು ಇಲ್ಲೇ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಟಿವಿ ಆನ್ ಮಾಡಿ ಎಚ್‌ಡಿಎಂಐ ಇನ್‌ಪುಟ್‌ಗೆ ಇಡಿ. ಟಿವಿಯಲ್ಲಿ ಎರಡು ಮೂರು ಎಚ್‌ಡಿಎಂಐ ಕಿಂಡಿ ಇದ್ದರೆ, ಕೇಬಲ್ ಯಾವುದಕ್ಕೆ ಹಾಕಿದ್ದೀರೋ ಅದೇ ನಂಬರ್ ಆರಿಸಿ. ಕೇಬಲ್ ಹಾಕಿ, ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿ. ಹೆಚ್ಚಿನ ಯಂತ್ರಗಳಲ್ಲಿ ಇಷ್ಟಕ್ಕೇ ಟಿವಿಯಲ್ಲಿ ಚಿತ್ರ ಬಂದುಬಿಡುತ್ತದೆ.

ಬರಲಿಲ್ಲವಾ? ಒಂದು ನಿಮಿಷ ಕಾದು ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರುತ್ತಿದ್ದರೆ ಲ್ಯಾಪ್‌ಟಾಪ್ ಜೀವಂತ ಇದೆ, ನಿಮಗೆ ಕಾಣುತ್ತಿಲ್ಲ ಅಷ್ಟೇ. ಈಗ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ:

ಎಂಟರ್ ಒತ್ತಿ, ನಿಮ್ಮ ಪಿನ್ ಅಥವಾ ಪಾಸ್‌ವರ್ಡ್ ಟೈಪ್ ಮಾಡಿ, ಮತ್ತೆ ಎಂಟರ್. ಅರ್ಧ ನಿಮಿಷ ಬಿಡಿ. ಆಮೇಲೆ ವಿಂಡೋಸ್ ಕೀ ಹಿಡಿದುಕೊಂಡು ಪಿ ಒತ್ತಿ, ಕೈಬಿಟ್ಟು, ಕೆಳಗಿನ ಬಾಣದ ಕೀಲಿಯನ್ನು ಒಮ್ಮೆ ಒತ್ತಿ ಎಂಟರ್ ಕೊಡಿ. ಐದಾರು ಸೆಕೆಂಡ್ ಕಾಯಿರಿ. ಚಿತ್ರ ಬರದಿದ್ದರೆ ಇದನ್ನೇ ಇನ್ನೊಮ್ಮೆ ಮಾಡಿ. ಆ ಪಟ್ಟಿಯಲ್ಲಿ ನಾಲ್ಕು ಆಯ್ಕೆಗಳಿವೆ: ಪಿಸಿ ಸ್ಕ್ರೀನ್ ಓನ್ಲಿ, ಡೂಪ್ಲಿಕೇಟ್, ಎಕ್ಸ್‌ಟೆಂಡ್, ಸೆಕೆಂಡ್ ಸ್ಕ್ರೀನ್ ಓನ್ಲಿ. ನಮಗೆ ಬೇಕಾದ್ದು ಎರಡನೆಯದು ಅಥವಾ ನಾಲ್ಕನೆಯದು.

ಟಿವಿಯಲ್ಲಿ ಬರೀ ವಾಲ್‌ಪೇಪರ್ ಕಾಣುತ್ತಿದೆ, ಐಕಾನ್ ಏನೂ ಇಲ್ಲ ಅಂದರೆ ಗಾಬರಿ ಬೀಳಬೇಡಿ. ಅದು ಎಕ್ಸ್‌ಟೆಂಡ್‌ನಲ್ಲಿದೆ, ಅಂದರೆ ಟಿವಿಯನ್ನು ಎರಡನೇ ಸ್ಕ್ರೀನ್ ಅಂತ ತಿಳಿದುಕೊಂಡಿದೆ. ನೀವು ತೆರೆದ ಕಿಟಕಿಗಳೆಲ್ಲ ಒಡೆದ ಸ್ಕ್ರೀನಿನಲ್ಲೇ ತೆರೆಯುತ್ತಿವೆ. ವಿಂಡೋಸ್ ಕೀ ಮತ್ತು ಶಿಫ್ಟ್ ಹಿಡಿದು ಬಲಬಾಣ ಒತ್ತಿದರೆ ಆ ಕಿಟಕಿ ಟಿವಿಗೆ ಹಾರುತ್ತದೆ. ಅಥವಾ ಮತ್ತೆ ವಿಂಡೋಸ್ ಕೀ ಜೊತೆ ಪಿ ಒತ್ತಿ ಬಾಣದ ಕೀಲಿಯಿಂದ ಮುಂದಿನ ಆಯ್ಕೆಗೆ ಹೋಗಿ.

ಇನ್ನೂ ಏನೂ ಇಲ್ಲ ಅಂದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ಕಳಿಸುವ ಸಾಫ್ಟ್‌ವೇರ್, ಮತ್ತೆ ಶುರುವಾಗುತ್ತದೆ. ಬೀಪ್ ಅಂತ ಸಣ್ಣ ಸದ್ದು ಕೇಳಿದರೆ ಒಳಗೆ ವಿಂಡೋಸ್ ಓಡುತ್ತಿದೆ ಅಂತಲೇ ಅರ್ಥ.

ಎಚ್‌ಡಿಎಂಐ ಕಿಂಡಿಯೇ ಇಲ್ಲದ ತೆಳು ಲ್ಯಾಪ್‌ಟಾಪ್‌ಗಳಿಗೆ ಟೈಪ್-ಸಿ ಇಂದ ಎಚ್‌ಡಿಎಂಐ ಕನ್ವರ್ಟರ್ ಬೇಕು. ಇಲ್ಲೊಂದು ಎಚ್ಚರಿಕೆ. ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ, ಕೆಲವು ಬರೀ ಡೇಟಾ ಮತ್ತು ಚಾರ್ಜಿಗೆ ಇರುತ್ತವೆ. ಕಿಂಡಿಯ ಪಕ್ಕ ಡಿಸ್‌ಪ್ಲೇಪೋರ್ಟ್ ಗುರುತು ಅಥವಾ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತು ಇದೆಯಾ ನೋಡಿ, ಇಲ್ಲದಿದ್ದರೆ ನಿಮ್ಮ ಮಾಡೆಲ್‌ನ ವಿವರ ಓದಿದ ಮೇಲೆ ಕನ್ವರ್ಟರ್ ಕೊಳ್ಳಿ.

ಟಚ್ ಸ್ಕ್ರೀನ್ ಇದ್ದವರಿಗೆ ಇನ್ನೊಂದು ಕಾಟ. ಒಡೆದ ಗಾಜು ತಾನೇ ತಾನಾಗಿ ಅಲ್ಲಿ ಇಲ್ಲಿ ಕ್ಲಿಕ್ ಮಾಡುತ್ತಿರುತ್ತದೆ, ಕರ್ಸರ್ ಒಂದು ಕಡೆ ನಿಲ್ಲುವುದಿಲ್ಲ. ಡಿವೈಸ್ ಮ್ಯಾನೇಜರ್ ತೆರೆದು, ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಅಡಿಯಲ್ಲಿ ಎಚ್‌ಐಡಿ-ಕಂಪ್ಲಯಂಟ್ ಟಚ್ ಸ್ಕ್ರೀನ್ ಅನ್ನುವುದನ್ನು ಡಿಸೇಬಲ್ ಮಾಡಿ. ತಕ್ಷಣ ನಿಲ್ಲುತ್ತದೆ.

ಹಂತ 3: ಫೈಲ್ ತೆಗೆಯಿರಿ, ಜೊತೆಗೆ ರಿಕವರಿ ಕೀ ಕೂಡ

ಟಿವಿಯಲ್ಲಿ ಚಿತ್ರ ಬಂತಾ? ಬೇರೆ ಏನನ್ನೂ ಮಾಡದೆ ಮೊದಲು ಮುಖ್ಯ ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಫೋಲ್ಡರ್‌ಗಳನ್ನು ಮರೆಯಬೇಡಿ, ನಮ್ಮ ಅರ್ಧ ಜೀವನ ಅಲ್ಲೇ ಇರುತ್ತದೆ ಅಲ್ವಾ.

ಇದರ ಜೊತೆಗೆ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಿಟ್‌ಲಾಕರ್ ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ. ಈಚಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಅದು ತಾನಾಗಿಯೇ ಆನ್ ಆಗಿರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ. ನಾಳೆ ಎಸ್ಎಸ್‌ಡಿ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿದರೆ, ಅಥವಾ ರಿಪೇರಿಯಲ್ಲಿ ಮದರ್‌ಬೋರ್ಡ್ ಬದಲಾದರೆ, 48 ಅಂಕಿಯ ಕೀ ಕೇಳುತ್ತದೆ. ಆ ಕೀ ಇಲ್ಲದಿದ್ದರೆ ಫೈಲ್ ಸಿಗುವುದಿಲ್ಲ, ಯಾವ ಅಂಗಡಿಯವರೂ ಅದನ್ನು ಬಿಡಿಸಿಕೊಡಲಾರರು. ಮೊಬೈಲಿನಲ್ಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ರಿಕವರಿ ಕೀ ಹುಡುಕಿ. ಕಾಗದದ ಮೇಲೆ ಬರೆದು ಇಡಿ.

ಟಿವಿಯಲ್ಲೂ ಏನೂ ಬರದವರು (ವಾರಂಟಿ ಇದ್ದರೆ ಮೊದಲು ಹಂತ 5 ಓದಿ) ಎಸ್ಎಸ್‌ಡಿ ಹೊರತೆಗೆದು ಯುಎಸ್‌ಬಿ ಎನ್‌ಕ್ಲೋಷರ್‌ಗೆ ಹಾಕಿ ಓದಬಹುದು. ಎನ್‌ಕ್ಲೋಷರ್ ಅಂದರೆ ಎಸ್ಎಸ್‌ಡಿಯನ್ನು ಪೆನ್‌ಡ್ರೈವ್ ಥರ ಬಳಸಲು ಬರುವ ಸಣ್ಣ ಡಬ್ಬಿ. ಕೊಳ್ಳುವಾಗ ನಿಮ್ಮದು ಎನ್‌ವಿಎಂಇ ಥರದ್ದೋ ಸಾಟಾ ಥರದ್ದೋ ನೋಡಿಕೊಳ್ಳಿ, ಒಂದರ ಡಬ್ಬಿ ಇನ್ನೊಂದಕ್ಕೆ ಆಗದೇ ಇರಬಹುದು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ, ಹೊಸ ಮ್ಯಾಕ್‌ಬುಕ್‌ಗಳಲ್ಲಿ, ಎಸ್ಎಸ್‌ಡಿ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಅಲ್ಲಿ ಈ ದಾರಿ ಇಲ್ಲ.

ಹಂತ 4: ಹೋಗಿರುವುದು ಏನು?

ಕಣ್ಣಿಗೆ ಕಾಣುವ ಲಕ್ಷಣದಿಂದಲೇ ಬಹಳಷ್ಟು ಗೊತ್ತಾಗುತ್ತದೆ.

ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ, ಒಂದು ಬಿಂದುವಿನಿಂದ ಹರಡಿದ ಬಿರುಕು, ಆ ಬಿರುಕಿನಿಂದ ಮೇಲೆ ಕೆಳಗೆ ಎಳೆದ ಬಣ್ಣದ ಗೆರೆಗಳು. ಇದು ಪ್ಯಾನೆಲ್ಲೇ ಹೋಗಿದೆ, ಅನುಮಾನ ಬೇಡ. ಪ್ಯಾನೆಲ್ ಅಂದರೆ ಚಿತ್ರ ಮೂಡುವ ಹಾಳೆ. ಅದನ್ನು ರಿಪೇರಿ ಮಾಡಲಾಗುವುದಿಲ್ಲ, ಬದಲಾಯಿಸಬೇಕು. ಕಲೆ ದಿನೇ ದಿನೇ ದೊಡ್ಡದೂ ಆಗಬಹುದು.

ಬಿರುಕು ಇಲ್ಲ, ಆದರೆ ಸ್ಕ್ರೀನ್ ಪೂರ್ತಿ ಕಪ್ಪು. ಕೋಣೆಯ ದೀಪ ಆರಿಸಿ, ಟಾರ್ಚನ್ನು ಸ್ಕ್ರೀನಿಗೆ ಹತ್ತಿರ ಹಿಡಿದು ಓರೆಯಾಗಿ ಬೆಳಕು ಬಿಡಿ. ಐಕಾನ್‌ಗಳು ಮಸುಕಾಗಿ ಕಂಡರೆ ಚಿತ್ರ ಬರುತ್ತಿದೆ, ಹಿಂದಿನ ಬೆಳಕು, ಅಂದರೆ ಬ್ಯಾಕ್‌ಲೈಟ್, ಹೋಗಿದೆ. ಇದಕ್ಕೆ ಪ್ಯಾನೆಲ್ ಕಾರಣ ಇರಬಹುದು, ಕೇಬಲ್ ಇರಬಹುದು, ಮದರ್‌ಬೋರ್ಡಿನ ಮೇಲಿನ ಕಡಲೆ ಬೇಳೆಗಿಂತಲೂ ಚಿಕ್ಕದಾದ ಒಂದು ಫ್ಯೂಸ್ ಕೂಡ ಇರಬಹುದು.

ಮುಚ್ಚಳವನ್ನು ಹಿಂದೆ ಮುಂದೆ ಆಡಿಸಿದಾಗ ಚಿತ್ರ ಬಂದು ಹೋಗುತ್ತದೆ, ಒಂದು ಕೋನದಲ್ಲಿ ಮಾತ್ರ ಸರಿ ಇರುತ್ತದೆ. ಇದು ಹೆಚ್ಚಾಗಿ ಕೇಬಲ್. ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲಿನ ಹತ್ತಿರ ಮಡಿಚಿ ಮಡಿಚಿ ಸವೆದಿರುತ್ತದೆ, ಅಥವಾ ಬಿದ್ದ ಏಟಿಗೆ ಕನೆಕ್ಟರ್ ಸಡಿಲ ಆಗಿರುತ್ತದೆ. ಕೇಬಲ್ ಬೆಲೆ ಪ್ಯಾನೆಲ್‌ಗಿಂತ ತುಂಬಾ ಕಡಿಮೆ, ಹಾಗಾಗಿ ಈ ಲಕ್ಷಣ ಇದ್ದರೆ "ಮೊದಲು ಕೇಬಲ್ ನೋಡಿ" ಅಂತ ಒತ್ತಿ ಹೇಳಿ.

ಗೆರೆಗಳು ಬರುತ್ತಿವೆ, ಯಾಕೆ ಅಂತ ಗೊತ್ತಾಗುತ್ತಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿಗೆ ಕಳಿಸಿ ನೋಡಿ. ಸ್ಕ್ರೀನ್‌ಶಾಟ್‌ನಲ್ಲಿ ಗೆರೆ ಇಲ್ಲ, ಟಿವಿಯಲ್ಲೂ ಇಲ್ಲ ಅಂದರೆ ತೊಂದರೆ ಪ್ಯಾನೆಲ್ ಅಥವಾ ಕೇಬಲ್‌ನಲ್ಲಿ. ಟಿವಿಯಲ್ಲೂ ಅದೇ ಗೆರೆಗಳು ಕಂಡರೆ ಪ್ಯಾನೆಲ್ ಬದಲಾಯಿಸಿ ಏನೂ ಪ್ರಯೋಜನ ಇಲ್ಲ, ಗ್ರಾಫಿಕ್ಸ್ ಚಿಪ್ ಅಥವಾ ಅದರ ಡ್ರೈವರ್ ಕಡೆ ನೋಡಬೇಕು. ಆನ್ ಮಾಡಿದ ತಕ್ಷಣ ಬರುವ ಕಂಪನಿ ಲೋಗೋ ಮೇಲೂ ಗೆರೆ ಇದ್ದರೆ ಡ್ರೈವರ್ ತಪ್ಪಲ್ಲ, ಯಾಕೆಂದರೆ ಆಗ ವಿಂಡೋಸ್ ಇನ್ನೂ ಶುರುವಾಗಿರುವುದೇ ಇಲ್ಲ.

ಡೆಲ್ ಲ್ಯಾಪ್‌ಟಾಪ್ ಇದ್ದವರಿಗೆ ಒಂದು ಅನುಕೂಲ ಇದೆ. ಪೂರ್ತಿ ಆಫ್ ಮಾಡಿ, ಡಿ ಕೀಲಿ ಹಿಡಿದುಕೊಂಡು ಪವರ್ ಬಟನ್ ಒತ್ತಿ. ಬಹುಪಾಲು ಮಾಡೆಲ್‌ಗಳಲ್ಲಿ ಇಡೀ ಸ್ಕ್ರೀನ್ ಒಂದೊಂದೇ ಬಣ್ಣಕ್ಕೆ ತಿರುಗುತ್ತದೆ. ಇದು ಪ್ಯಾನೆಲ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ವಿಧಾನ. ಬಣ್ಣಗಳು ಶುದ್ಧವಾಗಿ, ಗೆರೆ ಇಲ್ಲದೆ ಬಂದರೆ ಪ್ಯಾನೆಲ್ ಚೆನ್ನಾಗಿದೆ.

ಕ್ಯಾಪ್ಸ್ ಲಾಕ್ ದೀಪವೂ ಇಲ್ಲ, ಟಿವಿಯೂ ಖಾಲಿ ಅಂದರೆ ತೊಂದರೆ ಸ್ಕ್ರೀನಿನದ್ದು ಅಲ್ಲ. ಚಾರ್ಜರ್ ತೆಗೆದು ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಬಿದ್ದ ಏಟಿಗೆ ರ್‍ಯಾಮ್ ಜಾಗ ಬಿಟ್ಟಿರುವುದೂ ಉಂಟು. ಬಿಚ್ಚಿ ಅಭ್ಯಾಸ ಇದ್ದವರು, ಬ್ಯಾಟರಿ ವೈರ್ ಕಳಚಿದ ಮೇಲೆ ರ್‍ಯಾಮ್ ತೆಗೆದು ಮತ್ತೆ ಕೂರಿಸಿ ನೋಡಬಹುದು.

ಹಂತ 5: ವಾರಂಟಿ ಕಾಗದ ಒಮ್ಮೆ ತೆಗೆಯಿರಿ

ಮಾಮೂಲಿ ವಾರಂಟಿಯಲ್ಲಿ ಬಿದ್ದು ಒಡೆದ ಸ್ಕ್ರೀನ್ ಬರುವುದಿಲ್ಲ. ಆದರೆ ಕೊಳ್ಳುವಾಗ ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ಪ್ಲಾನ್ ಸೇರಿಸಿದ್ದರೆ ಬರುತ್ತದೆ. ತಳದಲ್ಲಿರುವ ಸೀರಿಯಲ್ ನಂಬರ್ ಅಥವಾ ಸರ್ವಿಸ್ ಟ್ಯಾಗನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ಗೊತ್ತಾಗುತ್ತದೆ. ವಾರಂಟಿ ಇರುವಾಗ ನೀವೇ ಬಿಚ್ಚಬೇಡಿ.

ಹಂತ 6: ಸರಿಯಾದ ಪ್ಯಾನೆಲ್ ಹುಡುಕುವುದು

ದುಡ್ಡು ವ್ಯರ್ಥ ಆಗುವುದು ಜಾಸ್ತಿ ಇಲ್ಲೇ. ಲ್ಯಾಪ್‌ಟಾಪ್ ಮಾಡೆಲ್ ಹೆಸರು ಹೇಳಿ ಪ್ಯಾನೆಲ್ ತರಿಸಬೇಡಿ. ಒಂದೇ ಹೆಸರಿನ ಲ್ಯಾಪ್‌ಟಾಪಿಗೆ ಕಂಪನಿ ಎರಡು ಮೂರು ಥರದ ಪ್ಯಾನೆಲ್ ಹಾಕಿರುತ್ತದೆ. ನಂಬಬೇಕಾದ್ದು ಪ್ಯಾನೆಲ್ ಹಿಂಭಾಗದ ಸ್ಟಿಕ್ಕರ್ ಮೇಲಿರುವ ನಂಬರ್. ಅದು ಎನ್‌ವಿ156ಎಫ್‌ಎಚ್‌ಎಂ ಅಂತಲೋ, ಬಿ156ಎಚ್‌ಎಎನ್ ಅಂತಲೋ ಶುರುವಾಗುತ್ತದೆ. 156 ಅಂದರೆ 15.6 ಇಂಚು, 140 ಅಂದರೆ 14 ಇಂಚು. ಎನ್‌ವಿ, ಎನ್‌ಟಿ ಅಂದರೆ ಬಿಒಇ ಕಂಪನಿ, ಬಿ ಅಂದರೆ ಎಯು ಆಪ್ಟ್ರಾನಿಕ್ಸ್, ಬರೀ ಎನ್ ಇದ್ದರೆ ಇನ್ನೊಲಕ್ಸ್, ಎಲ್‌ಪಿ ಅಂದರೆ ಎಲ್‌ಜಿ. ಡ್ಯಾಶ್ ಆದಮೇಲೆ ಬರುವ ಅಕ್ಷರ ಅಂಕಿಗಳನ್ನೂ ಬಿಡದೆ ಬರೆದುಕೊಳ್ಳಿ. ಅಂದರೆ ಬಿಚ್ಚಿದ ಮೇಲೆಯೇ ಆರ್ಡರ್ ಮಾಡಬೇಕು, ಬಿಚ್ಚುವುದು ಹೇಗೆ ಅಂತ ಹಂತ 7ರಲ್ಲಿದೆ. ತುಮಕೂರಿನಲ್ಲೋ ಸಿರಸಿಯಲ್ಲೋ ಕೂತು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ಕೊರಿಯರ್‌ನಲ್ಲಿ ತರಿಸುವವರು ಆ ಸ್ಟಿಕ್ಕರ್ ಮತ್ತು ಕನೆಕ್ಟರ್ ಎರಡರ ಫೋಟೋವನ್ನೂ ವಾಟ್ಸಾಪ್ ಮಾಡಿ.

ಅದೇ ನಂಬರ್ ಸಿಗದೆ "ಇದೂ ಆಗುತ್ತೆ ಸರ್" ಅಂತ ಬೇರೆ ಕಂಪನಿಯದ್ದು ಕೊಟ್ಟರೆ ತಪ್ಪೇನಿಲ್ಲ. ಆದರೆ ಈ ನಾಲ್ಕನ್ನು ತಾಳೆ ನೋಡಿ:

• ರೆಸಲ್ಯೂಶನ್: 1366×768 ಅಥವಾ 1920×1080. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಪುಟದಲ್ಲಿ ಇದೆ. ಕಡಿಮೆಯಿಂದ ಜಾಸ್ತಿಗೆ ಹೋಗುವ ಆಸೆ ಇದ್ದರೆ, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕೇಬಲ್ ಕೂಡ ಬದಲಾಯಿಸಬೇಕಾಗುತ್ತದೆ ಅನ್ನುವುದು ನೆನಪಿರಲಿ.
• ಕನೆಕ್ಟರಿನ ಪಿನ್‌ಗಳು: 30 ಅಥವಾ 40. ಸಾಮಾನ್ಯ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಪ್ಯಾನೆಲ್‌ಗಳು ಹೆಚ್ಚಾಗಿ 30 ಪಿನ್. ಗೇಮಿಂಗ್ ಲ್ಯಾಪ್‌ಟಾಪಿನ 144 ಹರ್ಟ್ಸ್‌ನವು, ಕೆಲವು ಟಚ್ ಪ್ಯಾನೆಲ್‌ಗಳು 40 ಪಿನ್. ತೀರಾ ಹಳೆಯವುಗಳಲ್ಲಿ ಎಲ್‌ವಿಡಿಎಸ್ ಅನ್ನುವ ಬೇರೆಯೇ ಪದ್ಧತಿಯ 40 ಪಿನ್ ಇರುತ್ತದೆ, ಅದಕ್ಕೂ ಇದಕ್ಕೂ ಹೊಂದುವುದಿಲ್ಲ.
• ಕಿವಿಗಳು: ಪ್ಯಾನೆಲ್ ಅಂಚಿನಲ್ಲಿ ಸ್ಕ್ರೂ ಹಾಕುವ ತಗಡಿನ ಕಿವಿಗಳು ಇವೆಯಾ, ಇದ್ದರೆ ಎಲ್ಲೆಲ್ಲಿ. ಕಿವಿ ಇಲ್ಲದವು ಅಂಟುಪಟ್ಟಿಯಿಂದ ಕೂತಿರುತ್ತವೆ.
• ಅಗಲ: 15.6 ಇಂಚಿನಲ್ಲೇ ಒಂದೆರಡು ಅಳತೆಗಳಿವೆ, ಹಾಗಾಗಿ ಟೇಪಿನಿಂದ ಅಳೆದು ಮಿಲಿಮೀಟರ್ ಲೆಕ್ಕದಲ್ಲಿ ಹೇಳಿ.

ಟಚ್ ಸ್ಕ್ರೀನ್, ಮಡಚುವ ಲ್ಯಾಪ್‌ಟಾಪ್, ಒಎಲ್‌ಇಡಿ ಮತ್ತು ಮ್ಯಾಕ್‌ಬುಕ್ ಇದ್ದವರು ಮುಂದಿನ ಹಂತ ಬಿಟ್ಟುಬಿಡಿ. ಇವುಗಳಲ್ಲಿ ಗಾಜು, ಪ್ಯಾನೆಲ್ ಒಟ್ಟಿಗೆ ಅಂಟಿರುತ್ತವೆ, ಸಾಮಾನ್ಯವಾಗಿ ಇಡೀ ಮುಚ್ಚಳವನ್ನೇ ಬದಲಾಯಿಸುತ್ತಾರೆ, ಬೆಲೆಯೂ ಹಲವು ಪಟ್ಟು ಜಾಸ್ತಿ. ಮ್ಯಾಕ್‌ಬುಕ್ ಬಳಸುವವರಿಗೆ ಇನ್ನೊಂದು ಮಾತು: ಕ್ಯಾಮೆರಾ ಮುಚ್ಚುವ ಸಣ್ಣ ಪ್ಲಾಸ್ಟಿಕ್ ಕವರ್ ಅಂಟಿಸಿ ಮುಚ್ಚಳ ಹಾಕಬೇಡಿ. ಸಂದಿ ಎಷ್ಟು ಕಿರಿದು ಅಂದರೆ ಅಷ್ಟಕ್ಕೇ ಸ್ಕ್ರೀನ್ ಒಡೆಯಬಹುದು, 2020ರಲ್ಲಿ ಆಪಲ್ ಕಂಪನಿಯೇ ಈ ಎಚ್ಚರಿಕೆ ಕೊಟ್ಟಿದೆ.

ಹಂತ 7: ಪ್ಯಾನೆಲ್ ಬದಲಾಯಿಸುವುದು

ಶಟ್‌ಡೌನ್ ಕ್ಲಿಕ್ ಮಾಡುವಾಗ ಶಿಫ್ಟ್ ಕೀ ಹಿಡಿದುಕೊಂಡಿರಿ. ಇಲ್ಲದಿದ್ದರೆ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ. ಚಾರ್ಜರ್ ತೆಗೆಯಿರಿ. ತಳದ ಸ್ಕ್ರೂಗಳನ್ನು ಬಿಚ್ಚಿ, ತಳ ತೆಗೆದು, ಬ್ಯಾಟರಿಯ ಕನೆಕ್ಟರ್ ಕಳಚಿ. ಥಿಂಕ್‌ಪ್ಯಾಡ್‌ಗಳಲ್ಲಿ ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಸೆಟ್ಟಿಂಗ್ ಪುಟ) ಒಳಗೆ ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ ಅನ್ನುವ ಆಯ್ಕೆಯೂ ಇರುತ್ತದೆ. ಆಮೇಲೆ ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ.

ಬ್ಯಾಟರಿ ಕಳಚುವುದನ್ನು ದಯವಿಟ್ಟು ಬಿಡಬೇಡಿ. ಆಫ್ ಆಗಿದ್ದರೂ ಸ್ಕ್ರೀನ್ ಕೇಬಲ್‌ಗೆ ಕರೆಂಟ್ ಬರುತ್ತಿರಬಹುದು. ಕನೆಕ್ಟರ್ ಎಳೆಯುವಾಗ ಒಂದು ಪಿನ್ ಪಕ್ಕದ್ದಕ್ಕೆ ತಾಗಿದರೂ ಹಿಂದೆ ಹೇಳಿದ ಆ ಪುಟ್ಟ ಫ್ಯೂಸ್ ಸುಟ್ಟುಹೋಗುತ್ತದೆ. ಆಗ ಹೊಸ ಪ್ಯಾನೆಲ್ ಹಾಕಿದರೂ ಬೆಳಕು ಬರುವುದಿಲ್ಲ, ಪ್ಯಾನೆಲ್ಲೇ ಕೆಟ್ಟದ್ದು ಬಂತು ಅಂತ ಅಂಗಡಿಯವರ ಜೊತೆ ಜಗಳ ಶುರುವಾಗುತ್ತದೆ.

ಸ್ಕ್ರೀನ್ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನ ಮೂಲೆಗಳಲ್ಲಿ ರಬ್ಬರ್ ಬಿಲ್ಲೆ ಇದ್ದರೆ ಅದರ ಕೆಳಗೆ ಸ್ಕ್ರೂ ಇರುತ್ತದೆ, ಮೊದಲು ಅದನ್ನು ತೆಗೆಯಿರಿ. ಆಮೇಲೆ ಎಟಿಎಂ ಕಾರ್ಡನ್ನು ಒಳ ಅಂಚಿಗೆ ತೂರಿಸಿ ನಿಧಾನವಾಗಿ ಸುತ್ತ ಎಬ್ಬಿಸಿ, ಟಕ್ ಟಕ್ ಅಂತ ಕೊಂಡಿಗಳು ಬಿಡುತ್ತವೆ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಅಂಟು ಗಟ್ಟಿ ಇದ್ದರೆ ಹೇರ್ ಡ್ರೈಯರ್ ಕಡಿಮೆ ಬಿಸಿಯಲ್ಲಿ ಹಿಡಿದು ಮೆತ್ತಗೆ ಮಾಡಿ.

ಪ್ಯಾನೆಲ್‌ನ ಸ್ಕ್ರೂ ತೆಗೆದ ಮೇಲೆ ಅದನ್ನು ಎಳೆಯಬೇಡಿ, ಕೇಬಲ್ ಇನ್ನೂ ಹಿಂದೆ ಅಂಟಿಕೊಂಡಿದೆ. ಕೀಬೋರ್ಡ್ ಮೇಲೆ ಬಟ್ಟೆ ಹಾಸಿ ಅದರ ಮೇಲೆ ಮುಖ ಕೆಳಗೆ ಮಾಡಿ ಮಲಗಿಸಿ. ಹಿಂಭಾಗದ ಕೆಳಗಡೆ ಕನೆಕ್ಟರ್ ಕಾಣುತ್ತದೆ. ಮೇಲಿನ ಪಾರದರ್ಶಕ ಟೇಪನ್ನು ಬಿಡಿಸಿ, ತಂತಿಯ ಕೊಂಡಿ ಇದ್ದರೆ ಅದನ್ನು ಎತ್ತಿ, ಕನೆಕ್ಟರನ್ನು ಪ್ಯಾನೆಲ್‌ಗೆ ಸಮಾನಾಂತರವಾಗಿ ಹೊರಕ್ಕೆ ಜಾರಿಸಿ. ಮೇಲಕ್ಕೆ ಎತ್ತಿದರೆ ಪಿನ್ ಮುರಿಯುತ್ತದೆ. ಪಕ್ಕದಲ್ಲಿ ಹೋಗಿರುವ ತೆಳು ವೈರ್‌ಗಳು ವೈಫೈ ಆಂಟೆನಾ ಮತ್ತು ಕ್ಯಾಮೆರಾದವು, ಅವು ಹೇಗೆ ಹೋಗಿವೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಹೊಸ ಪ್ಯಾನೆಲ್‌ಗೆ ಕನೆಕ್ಟರ್ ನೇರವಾಗಿ, ಪೂರ್ತಿ ಒಳಗೆ ಹೋಗುವ ತನಕ ಜಾರಿಸಿ ಟೇಪ್ ಹಾಕಿ. ಚೌಕಟ್ಟು ಮುಚ್ಚುವ ಮುಂಚೆ ಬ್ಯಾಟರಿ ಜೋಡಿಸಿ ಒಮ್ಮೆ ಆನ್ ಮಾಡಿ ನೋಡಿ. ಸರಿ ಬಂದರೆ ಮತ್ತೆ ಆಫ್, ಮತ್ತೆ ಬ್ಯಾಟರಿ ಕಳಚಿ, ಆಮೇಲೆ ಸ್ಕ್ರೂಗಳು. ಅಂಟುಪಟ್ಟಿಯ ಪ್ಯಾನೆಲ್ ಆದರೆ ಈ ಪರೀಕ್ಷೆ ಮುಗಿಯುವ ತನಕ ಪಟ್ಟಿಯ ಮೇಲಿನ ಕಾಗದ ತೆಗೆಯಲೇಬೇಡಿ, ಒಮ್ಮೆ ಅಂಟಿದರೆ ಬಿಡಿಸುವಾಗ ಪ್ಯಾನೆಲ್ ಬಿರುಕು ಬಿಡುತ್ತದೆ.

ಹಂತ 8: ಅಂಗಡಿಗೆ ಕೊಡುವುದಾದರೆ

ಕೈ ನಡುಗುತ್ತದೆ ಅನ್ನುವವರು ಧೈರ್ಯವಾಗಿ ಅಂಗಡಿಗೇ ಕೊಡಿ. ಪ್ಯಾನೆಲ್ ಬದಲಾಯಿಸಲು ವಿಂಡೋಸ್ ಪಾಸ್‌ವರ್ಡ್ ಬೇಕಿಲ್ಲ, ಕೇಳಿದರೂ ಕೊಡಬೇಡಿ. ಫಾರ್ಮ್ಯಾಟ್ ಮಾಡಬೇಕು ಅಂದರೆ ಒಪ್ಪಬೇಡಿ, ಸ್ಕ್ರೀನಿಗೂ ಫಾರ್ಮ್ಯಾಟಿಗೂ ಸಂಬಂಧವೇ ಇಲ್ಲ. ಹೊಸ ಪ್ಯಾನೆಲ್‌ನ ನಂಬರ್ ಬಿಲ್ಲಿನಲ್ಲಿ ಬರೆಸಿ, ಎಷ್ಟು ತಿಂಗಳ ವಾರಂಟಿ ಅನ್ನುವುದನ್ನೂ ಅದರಲ್ಲೇ ಬರೆಸಿ. ಹಳೆಯ ಪ್ಯಾನೆಲ್ ವಾಪಸ್ ಕೇಳಿ. ಮನೆಗೆ ತಂದ ಮೇಲೆ ಅದನ್ನು ಒಣ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಎಲ್‌ಇಡಿ ಬರುವ ಮುಂಚಿನ ಹಳೆಯ ಲ್ಯಾಪ್‌ಟಾಪ್‌ಗಳ ಪ್ಯಾನೆಲ್‌ನಲ್ಲಿ ಪಾದರಸ ಇರುವ ಸಣ್ಣ ಟ್ಯೂಬ್ ಇರುತ್ತದೆ.

ದುಡ್ಡು ಕೊಡುವ ಮುಂಚೆ ಅಲ್ಲೇ ನಿಂತು ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಪೂರ್ತಿ ಸ್ಕ್ರೀನಿನಲ್ಲಿ ತೆರೆಯಿರಿ. ಬಣ್ಣ ಬದಲಾಗದ ಚುಕ್ಕಿ ಇದ್ದರೆ ಎದ್ದು ಕಾಣುತ್ತದೆ. ಬ್ರೈಟ್‌ನೆಸ್ ಏರಿಸಿ ಇಳಿಸಿ. ಕ್ಯಾಮೆರಾ ಆನ್ ಮಾಡಿ, ವೈಫೈ ಹಿಡಿಯುತ್ತಿದೆಯಾ ನೋಡಿ. ಮುಚ್ಚಳವನ್ನು ಪೂರ್ತಿ ಮುಚ್ಚಿ, ಪೂರ್ತಿ ತೆರೆದು, ನಡುವೆ ಎರಡು ಮೂರು ಕೋನದಲ್ಲಿ ನಿಲ್ಲಿಸಿ, ಎಲ್ಲೂ ಚಿತ್ರ ಮಿಣುಕದಿದ್ದರೆ ತೆಗೆದುಕೊಂಡು ಬನ್ನಿ.